ಮಧ್ಯಾಹ್ನದ ಕ್ಯಾಸೆಟ್

2025ರ ನವೆಂಬರ್ 17, ಸೋಮವಾರ. ಬೆಳಿಗ್ಗೆ ಹತ್ತೂಕಾಲಿಗೆ ಬಸವೇಶ್ವರನಗರದ ಠಾಣೆಗೆ ಬಂದ ಹೆಂಗಸು ಕುರ್ಚಿ ತೋರಿಸಿದರೂ ಕೂರಲಿಲ್ಲ. ನಿಂತುಕೊಂಡೇ ಹೇಳುತ್ತೇನೆ ಎಂದಳು. ವಯಸ್ಸು ಮೂವತ್ತರ ಆಸುಪಾಸು, ಕೊರಳಲ್ಲಿ ಯಾವುದೋ ಕೊರಿಯರ್ ಕಂಪನಿಯ ಗುರುತಿನ ಚೀಟಿ. ಇನ್ಸ್‌ಪೆಕ್ಟರ್ ಸಂಘಮಿತ್ರಾ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟಳು.

"ಹೆಸರು?"

"ಸೌಮ್ಯಶ್ರೀ. ಮನೆ ಕಾಮಾಕ್ಷಿಪಾಳ್ಯ."

"ಯಾರ ಮೇಲೆ ದೂರು?"

"ಕಣ್ಬೆಳಗು ಆಸ್ಪತ್ರೆ ಮೇಲೆ. ಡಾಕ್ಟರ್ ಮುರಳೀಕೃಷ್ಣ ಅಂತ. ನಮ್ಮಮ್ಮಂಗೆ ಪೊರೆ ತೆಗೀತೀನಿ ಅಂತ ಹೇಳಿ ಕಣ್ಣೇ ಇಲ್ಲದಂಗೆ ಮಾಡಿದಾರೆ."

ಅವಳ ತಾಯಿ ರಾಮಕ್ಕ ಸೀರೆಗಳಿಗೆ ಕುಚ್ಚು ಕಟ್ಟಿ ಸಂಸಾರ ತೂಗಿಸಿದವಳು. ರಾಜಾಜಿನಗರದ ಅರ್ಧ ಮದುವೆಗಳ ಸೀರೆಗಳು ಅವಳ ಕೈಯಲ್ಲಿ ಹಾದುಹೋಗಿವೆ ಎಂದರೆ ಹೆಚ್ಚಲ್ಲ. ಎರಡೂ ಕಣ್ಣಿಗೆ ಪೊರೆ ಬಂದು, ದಾರ ಯಾವುದು ಸೆರಗು ಯಾವುದು ತಿಳಿಯದಂತಾಗಿತ್ತು. ನವೆಂಬರ್ 6ರ ಗುರುವಾರ ಬಲಗಣ್ಣಿನ ಆಪರೇಷನ್ ಆಯಿತು. ಮಾರನೆಯ ಬೆಳಿಗ್ಗೆ ಪಟ್ಟಿ ಬಿಚ್ಚಿದಾಗ ಕಣ್ಣು ಊದಿಕೊಂಡು ಕೀವು ಇಳಿಯುತ್ತಿತ್ತು. ಆಟೋದಲ್ಲಿ ಸರ್ಕಾರಿ ಕಣ್ಣಾಸ್ಪತ್ರೆಗೆ ಓಡಿದರು. ಅಲ್ಲಿನ ವೈದ್ಯರು ಕೆಲವು ದಿನ ಹೆಣಗಾಡಿದರು. ಸೋಂಕು ಇನ್ನೂ ಒಳಕ್ಕೆ ಹರಡಬಾರದೆಂದು ಕೊನೆಗೆ ಗುಡ್ಡೆಯ ಒಳಗಿನದನ್ನೆಲ್ಲ ತೆಗೆದುಹಾಕಿದರು.

"ಎಡಗಣ್ಣು?"

"ಅದೂ ಪೂರ್ತಿ ಬೆಳ್ಳಗಾಗಿದೆ ಮೇಡಂ. ಬೇಗ ಆಪರೇಷನ್ ಮಾಡ್ಲಿಲ್ಲ ಅಂದ್ರೆ ಒಳಗೆ ಪ್ರೆಷರ್ ಏರಿ ಅದೂ ಹೋಗತ್ತೆ ಅಂತಾರೆ. ಅಮ್ಮ ಒಪ್ತಿಲ್ಲ. ಮೊದಲನೇ ಕಣ್ಣಿಗೆ ಏನಾಯ್ತು ಅಂತ ಯಾರಾದ್ರೂ ನಿಜ ಹೇಳೋ ತನಕ ಯಾರನ್ನೂ ಮುಟ್ಟಕ್ಕೆ ಬಿಡಲ್ಲ ಅಂತ ಕೂತಿದಾಳೆ. ನನಗೆ ಪರಿಹಾರ ಗಿರಿಹಾರ ಏನೂ ಬೇಡ. ನಿಜ ಬೇಕು. ಬೇಗ ಬೇಕು."

ಸಂಘಮಿತ್ರಾ ಬರೆದುಕೊಳ್ಳುತ್ತಿದ್ದಳು. ಸೌಮ್ಯಶ್ರೀ ಇನ್ನೊಂದು ಮಾತು ಸೇರಿಸಿದಳು.

"ನಾವೇನು ಪುಕ್ಕಟೆ ಮಾಡಿಸ್ಕೊಂಡಿಲ್ಲ ಮೇಡಂ. ಅವತ್ತೇ ಉಚಿತ ಕ್ಯಾಂಪ್‌ನೋರೂ ಬಂದಿದ್ರು. ಅಮ್ಮ ಹೋಗಿ ಆ ಸಾಲಲ್ಲೇ ಕೂತ್ಬಿಟ್ಟಿದ್ಲು. ನಾನೇ ಎಬ್ಬಿಸ್ಕೊಂಡು ಬಂದು ದುಡ್ಡು ಕಟ್ಟಿ ಈ ಕಡೆ ಸೇರಿಸ್ದೆ. ಕಣ್ಣಿನ ವಿಷಯದಲ್ಲಿ ಪುಕ್ಕಟೆ ಯಾಕೆ ಅಂತ."

ಭಾರತೀಯ ನ್ಯಾಯ ಸಂಹಿತೆಯ ಕಲಂ 125(ಬಿ) ಅಡಿಯಲ್ಲಿ ಎಫ್‌ಐಆರ್ ದಾಖಲಾಯಿತು. ಮುಖ್ಯಪೇದೆ ದೊಡ್ಡಣ್ಣ ಅದರ ಪ್ರತಿಯನ್ನು ಸೌಮ್ಯಶ್ರೀಗೆ ಕೊಟ್ಟು ಕಳಿಸಿ ಬಂದು, ಮೇಜಿನ ಮುಂದೆ ನಿಂತು ತಲೆ ಕೆರೆದುಕೊಂಡ. ಡಾಕ್ಟರುಗಳ ಮೇಲಿನ ಕೇಸು ಎಂದರೆ ತಜ್ಞರ ಸಮಿತಿ ಅಭಿಪ್ರಾಯ ಕೊಡುವ ತನಕ ಅವರ ಮೈ ಮುಟ್ಟುವ ಹಾಗಿಲ್ಲ. ಸಮಿತಿಯಲ್ಲಿ ಕೂರುವವರೂ ಡಾಕ್ಟರುಗಳೇ.

"ನಾನು ರಿಟೈರ್ ಆಗಿ ಪೆನ್ಷನ್ ತಗೊಳ್ಳೋ ತನಕ ನಡೀತದೆ ಮೇಡಂ ಇದು," ಎಂದ.

"ಆ ಅಮ್ಮನ ಕಣ್ಣು ಅಲ್ಲೀ ತನಕ ಕಾಯಲ್ಲ ದೊಡ್ಡಣ್ಣ. ಜೀಪ್ ತೆಗೆಸಿ."

ಕಣ್ಬೆಳಗು ಆಸ್ಪತ್ರೆ ನೋಡಲು ಚೆನ್ನಾಗಿಯೇ ಇತ್ತು. ಕೆಳಗೆ ಕನ್ನಡಕದ ಅಂಗಡಿ, ಮೇಲೆ ಆಪರೇಷನ್ ಕೊಠಡಿ, ಗೋಡೆ ತುಂಬ ಉಚಿತ ಶಿಬಿರಗಳ ಫೋಟೋ. ಪ್ರತಿ ಫೋಟೋದಲ್ಲೂ ಕರಿ ಕನ್ನಡಕ ಹಾಕಿಸಿಕೊಂಡ ಮುದುಕ ಮುದುಕಿಯರು ಸಾಲಾಗಿ ಕೂತಿದ್ದರು, ನಡುವೆ ಡಾಕ್ಟರ್ ಮುರಳೀಕೃಷ್ಣರು ಶಾಲು ಹೊದ್ದು ನಗುತ್ತಿದ್ದರು. ಇಬ್ಬರು ಪಂಚರನ್ನು ಕರೆಸಿ ಪಂಚನಾಮೆ ಶುರು ಮಾಡಲಾಯಿತು. ದೊಡ್ಡಣ್ಣ ಮೊಬೈಲಿನಲ್ಲಿ ವಿಡಿಯೋ ಹಿಡಿದ.

ಅವತ್ತು ಹನ್ನೆರಡು ಆಪರೇಷನ್ ಆಗಿದ್ದವು ಎಂಬುದು ಗೊತ್ತಾಯಿತು. ಆರು ಮಂದಿ ದುಡ್ಡು ಕೊಟ್ಟವರು, ಆರು ಮಂದಿ ಉಲ್ಲಾಳದ ಕಡೆಯಿಂದ ಕ್ಯಾಂಪಿಗೆ ಬಂದವರು. ರಾಮಕ್ಕನಲ್ಲದೆ ಇನ್ನೂ ಮೂವರಿಗೆ ಕೀವಾಗಿತ್ತು. ಆ ಮೂವರೂ ದುಡ್ಡು ಕೊಟ್ಟವರೇ. ಅವರ ಮನೆಯವರು ಕಾರಿನಲ್ಲಿ ಹಾಕಿಕೊಂಡು ದೊಡ್ಡ ಆಸ್ಪತ್ರೆಗಳಿಗೆ ಓಡಿದ್ದರಿಂದ ಮಂಜುಮಂಜಾಗಿಯಾದರೂ ಕಣ್ಣು ಉಳಿದಿತ್ತು.

ಡಾಕ್ಟರು ತಾಳ್ಮೆಯಿಂದ ಮಷೀನು ತೋರಿಸಿದರು. ಪೊರೆಯನ್ನು ಒಳಗೇ ಪುಡಿ ಮಾಡಿ ಹೀರಿ ತೆಗೆಯುತ್ತಾರೆ. ಎಷ್ಟು ಹೀರುತ್ತದೋ ಅಷ್ಟೇ ಶುದ್ಧ ದ್ರವ ಅದೇ ಹೊತ್ತಿಗೆ ಒಳಗೆ ಹೋಗುತ್ತಿರಬೇಕು, ಇಲ್ಲದಿದ್ದರೆ ಗಾಳಿ ಬಿಟ್ಟ ಬಲೂನಿನಂತೆ ಕಣ್ಣು ಕುಸಿಯುತ್ತದೆ. ಆ ಲೆಕ್ಕ ನೋಡಿಕೊಳ್ಳುವುದು ಮಷೀನಿನ ಪಕ್ಕಕ್ಕೆ ಸಿಕ್ಕಿಸುವ ಅಂಗೈಯಗಲದ ಪ್ಲಾಸ್ಟಿಕ್ ಡಬ್ಬಿ. ಅದಕ್ಕೆ ಎರಡು ಕೊಳವೆ, ಒಂದು ಒಳಗೆ ಕೊಡಲು, ಇನ್ನೊಂದು ಹೊರಗೆ ಎಳೆಯಲು. ಅದನ್ನು ಕ್ಯಾಸೆಟ್ ಎನ್ನುತ್ತಾರೆ.

"ಒಂದು ಕ್ಯಾಸೆಟ್ ಎಷ್ಟು ಜನಕ್ಕೆ?" ಸಂಘಮಿತ್ರಾ ಕೇಳಿದಳು.

"ಒಂದು ಕಣ್ಣಿಗೆ ಒಂದು. ಆಮೇಲೆ ಕಸದ ಬುಟ್ಟಿ. ನನಗನ್ನಿಸೋದು ದ್ರವದ ಬಾಟಲಿಯಲ್ಲೇ ದೋಷ ಇದೆ ಅಂತ. ಕಂಪನಿಗೆ ನೋಟಿಸ್ ಕೊಡ್ತಾ ಇದೀನಿ."

"ಕ್ಯಾಸೆಟ್ ಹಾಕೋರು ಯಾರು?"

ಬಾಗಿಲ ಬಳಿ ನಿಂತಿದ್ದ ಹಸಿರು ಬಟ್ಟೆಯ ಹೆಂಗಸು ಮುಂದೆ ಬಂದಳು. ಆಪರೇಷನ್ ಕೊಠಡಿಯ ಹಿರಿಯ ಸಿಸ್ಟರ್ ಅನಂತಲಕ್ಷ್ಮಿ. ಐವತ್ತು ದಾಟಿದ ವಯಸ್ಸು, ತೊಳೆದು ತೊಳೆದು ಸುಕ್ಕಾದ ಕೈ.

"ನಾನೇ ಹಾಕೋದು."

"ಹೊಸದು?"

"ಅವತ್ತು ಸ್ಟೋರಿಂದ ಕೊಟ್ಟಿದ್ದನ್ನೆಲ್ಲ ಒಡೆದಿದೀನಿ. ಒಂದೂ ಉಳಿಸ್ಕೊಂಡಿಲ್ಲ."

ಮಾತಿನಲ್ಲಿ ತಡವರಿಕೆ ಇರಲಿಲ್ಲ. ಉಳಿದ ಬಾಟಲಿಗಳನ್ನು ಜಪ್ತಿ ಮಾಡಿ, ಮಷೀನಿನಲ್ಲಿ ಕ್ಯಾಸೆಟ್ ಕೂರುವ ಜಾಗದಿಂದ ಹತ್ತಿಯಲ್ಲಿ ಮಾದರಿ ತೆಗೆಸಿ, ಮೊಹರು ಹಾಕಿ ಪ್ರಯೋಗಾಲಯಕ್ಕೆ ಕಳಿಸಲಾಯಿತು. ಪಂಚರ ಸಹಿ ಬೀಳುವ ಹೊತ್ತಿಗೆ ಮಧ್ಯಾಹ್ನ ಮೂರು ಗಂಟೆ.

ವರದಿ ಬರಲು ಎರಡು ವಾರ ಹಿಡಿಯಿತು. ಆ ಎರಡು ವಾರದಲ್ಲಿ ಸೌಮ್ಯಶ್ರೀ ದಿನ ಬಿಟ್ಟು ದಿನ ಫೋನ್ ಮಾಡಿದಳು. ಜಗಳವಾಡಲಿಲ್ಲ, ಅಳಲಿಲ್ಲ, "ಏನಾದ್ರೂ ಗೊತ್ತಾಯ್ತಾ ಮೇಡಂ?" ಎಂದಷ್ಟೇ ಕೇಳುತ್ತಿದ್ದಳು. ಒಂದು ದಿನ ಮಾತ್ರ, ಅಮ್ಮನಿಗೆ ಎಡಗಣ್ಣಿನ ಕಡೆ ತಲೆನೋವು ಶುರುವಾಗಿದೆ ಎಂದಳು.

ಪ್ರಯೋಗಾಲಯದ ಪ್ರಕಾರ ಬಾಟಲಿಗಳು ಶುದ್ಧವಾಗಿದ್ದವು. ಕ್ಯಾಸೆಟ್ ಕೂರುವ ಜಾಗದಲ್ಲಿ ಮಾತ್ರ, ನೀರಿನ ಪಸೆ ಇದ್ದಲ್ಲೆಲ್ಲ ಬೆಳೆಯುವ ಒಂದು ಬ್ಯಾಕ್ಟೀರಿಯಾ ಸಿಕ್ಕಿತು. ನಾಲ್ವರ ಕಣ್ಣಿನಿಂದ ತೆಗೆದ ಕೀವಿನಲ್ಲೂ ಅದೇ ಇತ್ತು. ತಜ್ಞರ ಸಮಿತಿ ಬರೆದುಕೊಟ್ಟಿತು: ಒಮ್ಮೆ ಬಳಸಿದ ಕ್ಯಾಸೆಟ್ಟನ್ನು ತೊಳೆದು ಮತ್ತೆ ಬಳಸಿದಾಗ ಕೊಳವೆಯೊಳಗೆ ಪಸೆ ಉಳಿದು ಹೀಗಾಗುವ ಸಂಭವ ಹೆಚ್ಚು.

ಆಸ್ಪತ್ರೆಯ ಮ್ಯಾನೇಜರ್ ಕಶ್ಯಪ್‌ನನ್ನು ಠಾಣೆಗೆ ಕರೆಸಿದರು. ಒಂದು ಲೋಟ ನೀರು ಕುಡಿದ ಮೇಲೆ ಅವನು ಬಾಯಿ ಬಿಟ್ಟ.

"ಹನ್ನೆರಡು ಕಣ್ಣಿಗೆ ಎಷ್ಟು ಹೊಸ ಕ್ಯಾಸೆಟ್ ಕೊಟ್ರಿ?"

"ಆರು."

"ಮಿಕ್ಕ ಆರಕ್ಕೆ?"

"ಹಳೇದು ಎರಡು ತೊಳೆದು ಇಟ್ಟಿರ್ತಾರೆ, ಅದರಲ್ಲೇ. ಕ್ಯಾಂಪ್ ಕೇಸಿಗೆ ಹೊಸದು ತರಿಸೋದು ಬೇಡ ಅಂತ ಡಾಕ್ಟರೇ ಹೇಳಿರೋದು. ಬಾಯಲ್ಲಿ ಹೇಳಿದ್ದು, ಎಲ್ಲೂ ಬರೆದಿಲ್ಲ. ಆದ್ರೆ ಮೇಡಂ, ತೊಂದ್ರೆ ಆಗಿರೋದು ಪೇಯಿಂಗ್ ಪೇಷಂಟ್ಸ್‌ಗೆ. ಅವರಿಗೆಲ್ಲ ಹೊಸದೇ. ಹಳೇದಕ್ಕೂ ಇದಕ್ಕೂ ಸಂಬಂಧ ಇಲ್ಲ."

ಅವನು ಹೇಳಿದ್ದರಲ್ಲಿ ಎದುರಾಡುವಂಥದ್ದೇನೂ ಇರಲಿಲ್ಲ, ಅದೇ ಸಂಘಮಿತ್ರಾಳ ತಲೆ ಕೆಡಿಸಿತು. ಹಳೆಯದು ಹಾಕಿಸಿಕೊಂಡ ಬಡವರು ಚೆನ್ನಾಗಿರುವುದು, ಹೊಸದಕ್ಕೆ ದುಡ್ಡು ತೆತ್ತವರು ಕಣ್ಣು ಕಳೆದುಕೊಳ್ಳುವುದು ಹೇಗೆ? ಅವಳಿಗೆ ಹೊಳೆದದ್ದು ಒಂದೇ ದಾರಿ. ಕ್ಯಾಂಪಿನವರಿಗೂ ಕಣ್ಣು ಹೋಗಿದೆ, ಹೇಳಿಕೊಳ್ಳಲು ಗೊತ್ತಾಗದೆ ಹಣೆಬರಹ ಎಂದು ಮನೆಯಲ್ಲೇ ಕೂತಿದ್ದಾರೆ. ಅವಳು ಹುಟ್ಟಿ ಬೆಳೆದ ಬೀದಿಯಲ್ಲಿ ಜನ ಹಾಗೆಯೇ ಕೂರುತ್ತಿದ್ದರು. ಮಾರನೆಯ ಬೆಳಿಗ್ಗೆಯೇ ಕ್ಯಾಂಪಿನವರನ್ನು ಹುಡುಕಿಕೊಂಡು ಹೊರಟಳು.

ಉಲ್ಲಾಳದಲ್ಲಿ ಹಳೇ ಊರಿನ ಭಾಗ ಹೊಸ ಲೇಔಟುಗಳ ನಡುವೆ ಇನ್ನೂ ಉಸಿರಾಡುತ್ತಿದೆ. ದೊಡ್ಡಣ್ಣನ ಹೆಂಡತಿಯ ತವರು ಅಲ್ಲೇ ಆದ್ದರಿಂದ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಮೊದಲ ಮನೆಯ ಅಜ್ಜ ಬಾಗಿಲಲ್ಲಿ ಕೂತು ಪೇಪರು ಓದುತ್ತಿದ್ದ. ಎರಡನೆಯ ಮನೆಯಾಕೆ ಬಿಎಂಟಿಸಿ ಬಸ್ಸಿನ ನಂಬರನ್ನು ದೂರದಿಂದಲೇ ಓದಿ ತೋರಿಸಿದಳು. ಒಬ್ಬೊಬ್ಬರನ್ನೇ ನೋಡುತ್ತ ಹೋದಂತೆ ಸಂಘಮಿತ್ರಾಳ ಮುಖ ಗಂಟಿಕ್ಕುತ್ತ ಹೋಯಿತು. ಇವರೆಲ್ಲ ಚೆನ್ನಾಗಿರುವುದು ಕಂಡು ಸಂತೋಷವಾಗಬೇಕಿತ್ತು, ಆಗಲಿಲ್ಲ. ಅದಕ್ಕೆ ತನ್ನ ಮೇಲೇ ಸಿಟ್ಟು ಬಂತು.

ಕೊನೆಯವಳು ಅಂಜಮ್ಮ. ಜಗಲಿಯಲ್ಲಿ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಪೊಲೀಸರನ್ನು ಕಂಡರೂ ಕೈ ನಿಲ್ಲಿಸಲಿಲ್ಲ.

"ಕಣ್ಣು ಹೆಂಗಿದೆ ಅಜ್ಜಿ?"

"ಬಾಳಾ ಚೆನ್ನಾಗೈತೆ ಕಣವ್ವ. ಇಷ್ಟು ದಿನ ಈ ಕಲ್ಲನ್ನೆಲ್ಲ ಬೇಯಿಸ್ಕೊಂಡು ತಿಂತಿದ್ವಲ್ಲ ಅಂತ ಈಗ ಗೊತ್ತಾಯ್ತದೆ."

"ಆಪರೇಷನ್ ದಿನ ಏನು ನಡೀತು, ಹೇಳಿ."

"ಮುಖದ ಮ್ಯಾಲೆ ಬಟ್ಟೆ ಮುಚ್ಚಿದ್ರು. ಅದಕ್ಕೂ ಮುಂಚೆ ಆ ಸಿಸ್ಟರಮ್ಮ ಒಂದು ಪೊಟ್ಟಣ ನನ್ನ ಕೈಗೇ ಕೊಟ್ರು. ಮುಟ್ಟಿ ನೋಡಜ್ಜಿ, ಸೀಲು ಒಡೆದಿಲ್ಲ, ನಿಂಗೋಸ್ಕರವೇ ಒಡೀತಾ ಇದೀನಿ ಅಂದ್ರು. ಪರ್ ಅಂತ ಹರಿದ್ರು. ನಮ್ಮ ಎಲ್ರಿಗೂ ಹಂಗೇ ಕೊಟ್ರಂತೆ."

ದೊಡ್ಡಣ್ಣ ಸಂಘಮಿತ್ರಾಳ ಮುಖ ನೋಡಿದ. ಅವಳು ಜಗಲಿಯ ಮೇಲೆ ಕೂತಳು.

"ನಿಮ್ಮದು ಬೆಳಿಗ್ಗೆ ಆಯ್ತಾ, ಮಧ್ಯಾಹ್ನನಾ?"

"ಬೆಳಿಗ್ಗೆ. ದುಡ್ಡು ಕೊಟ್ಟೋರೆಲ್ಲ ನಮ್ಮ ಹಿಂದೆ. ಪ್ಯಾಂಟು ಶರಟಿನ ಯಜಮಾನ್ರೊಬ್ರು ಕೂಗಾಡಿದ್ರು, ದುಡ್ಡು ಕಟ್ಟಿ ನಾವ್ಯಾಕೆ ಕಾಯ್ಬೇಕು ಅಂತ. ಸಿಸ್ಟರಮ್ಮ ಜಗ್ಗಲಿಲ್ಲ. ಇವರ ಬಸ್ಸು ವಾಪಸ್ ಹೋಗ್ಬೇಕು, ಇವರದ್ದೇ ಮೊದಲು ಅಂದ್ರು."

ವಾಪಸ್ ಬರುವ ದಾರಿಯಲ್ಲಿ ನಾಗರಭಾವಿ ದಾಟುವಾಗ ಸಂಘಮಿತ್ರಾ ಸೌಮ್ಯಶ್ರೀಗೆ ಫೋನ್ ಮಾಡಿ ತಾಯಿಗೆ ಕೊಡಲು ಹೇಳಿದಳು. ಆಪರೇಷನ್‌ಗೆ ಮೊದಲು ಯಾವುದಾದರೂ ಪೊಟ್ಟಣ ಕೈಗೆ ಕೊಟ್ಟರಾ ಎಂದು ಕೇಳಿದಳು. ಇಲ್ಲ ತಾಯಿ ಎಂದಳು ರಾಮಕ್ಕ, ಆ ಸಿಸ್ಟರು ನಮ್ಮ ಮುಖ ಕೂಡ ನೋಡಲಿಲ್ಲ ಎಂದಳು. ಮಿಕ್ಕ ಮೂವರ ಉತ್ತರವೂ ಅದೇ ಆಗಿತ್ತು.

ಮೇಲಿದ್ದವರು ಮೋಸ ಮಾಡಿದರೆ ಅದು ಕೆಳಗಿರುವವರ ತಲೆಯ ಮೇಲೇ ಬೀಳುತ್ತದೆ ಎಂಬ ನಂಬಿಕೆಯಿಂದಲೇ ಸಂಘಮಿತ್ರಾ ಈ ಕೇಸನ್ನು ನೋಡಿದ್ದಳು. ಖಾಕಿ ಹಾಕಿದ ದಿನದಿಂದ ಅದು ಸುಳ್ಳಾದದ್ದನ್ನು ಅವಳು ಕಂಡಿರಲಿಲ್ಲ. ಯಾರೋ ಒಬ್ಬರು ಅದನ್ನು ಸದ್ದಿಲ್ಲದೆ ತಿರುಗಿಸಿಟ್ಟಿರಬಹುದು ಎಂದು ಅವಳ ಮನಸ್ಸಿಗೆ ಬಂದಿರಲೇ ಇಲ್ಲ.

ಡಿಸೆಂಬರ್ 4, ಗುರುವಾರ. ಕ್ಯಾಸೆಟ್ಟುಗಳನ್ನು ತೊಳೆಯುವ ಕೋಣೆಯಲ್ಲೇ ಅನಂತಲಕ್ಷ್ಮಿಯ ವಿಚಾರಣೆ ನಡೆಯಿತು. ಮಹಿಳಾ ಪೇದೆ ಬಾಗಿಲಲ್ಲಿ ನಿಂತಿದ್ದಳು.

"ಆರು ಹೊಸದನ್ನ ಯಾರಿಗೆ ಹಾಕಿದ್ರಿ?"

ಅನಂತಲಕ್ಷ್ಮಿ ಒಮ್ಮೆ ಉಸಿರು ಬಿಟ್ಟಳು. ಇಷ್ಟು ದಿನ ಹಿಡಿದಿಟ್ಟಿದ್ದ ಉಸಿರದು.

"ಕ್ಯಾಂಪ್‌ನೋರಿಗೆ."

"ಹಳೇದು?"

"ಮಧ್ಯಾಹ್ನದೋರಿಗೆ. ನಾನೇ ತೊಳೆದು, ಔಷಧಿ ನೀರಲ್ಲಿ ನೆನೆಸಿ, ಒಣಗಿಸಿದ್ದು. ಯಾವಾಗ್ಲೂ ಹಂಗೇ ಮಾಡೋದು."

"ಡಾಕ್ಟರಿಗೆ ಗೊತ್ತಾ?"

"ಹಳೇದು ಬಳಸೋದು ಗೊತ್ತು. ಅವರು ಹೇಳಿದ್ದಕ್ಕೇ ಬಳಸೋದು. ಯಾರಿಗೆ ಅನ್ನೋದು ಗೊತ್ತಿರಲಿಲ್ಲ. ಅವರು ಮೈಕ್ರೋಸ್ಕೋಪಲ್ಲಿ ಕಣ್ಣು ನೋಡ್ತಾರೆ, ಮಷೀನ್ ಕಡೆ ತಿರುಗಲ್ಲ."

"ಎಷ್ಟು ದಿನದಿಂದ ಹೀಗೆ ಅದಲುಬದಲು?"

"ಹೋದ ವರ್ಷದಿಂದ."

ಅವಳು ತಾನಾಗಿಯೇ ಮೇಲಿನ ಕಪಾಟು ತೆರೆದು ಸ್ಟೀಲಿನ ಡಬ್ಬಿಯೊಂದನ್ನು ಕೆಳಗಿಳಿಸಿದಳು. ಎರಡು ಹಳೆಯ ಕ್ಯಾಸೆಟ್ಟುಗಳು ಅದರಲ್ಲಿದ್ದವು. ಪಂಚರ ಎದುರು ಜಪ್ತಿಯಾಯಿತು.

"ಬಿಸಾಕಬಹುದಿತ್ತಲ್ಲ?"

"ಕೈ ಬರಲಿಲ್ಲ. ಯಾರಾದ್ರೂ ಬಂದು ಕೇಳ್ತಾರೆ, ಆಗ ಕೊಟ್ಬಿಡೋಣ ಅಂತ ಇಟ್ಟಿದ್ದೆ. ನೀವು ಬಂದ ದಿನವೇ ಕೊಡ್ಬೇಕಿತ್ತು. ಹೆದರಿಕೆ ಆಯ್ತು."

"ಯಾಕೆ ಮಾಡಿದ್ರಿ?"

ಅನಂತಲಕ್ಷ್ಮಿ ಸ್ಟೂಲಿನ ಮೇಲೆ ಕೂತು ನಿಧಾನವಾಗಿ ಹೇಳಿದಳು. ಹೋದ ವರ್ಷದ ಕ್ಯಾಂಪಿನಲ್ಲಿ ಮಾಗಡಿ ಕಡೆಯ ಒಬ್ಬ ಅಜ್ಜನಿಗೆ ಹಳೆಯ ಕ್ಯಾಸೆಟ್ ಹಾಕಿದ್ದಳು. ಅವನ ಕಣ್ಣು ಕೀವಾಗಿ ಹೋಯಿತು. ಊರಲ್ಲಿ ಯಾರೋ ಸೊಪ್ಪಿನ ರಸ ಬಿಟ್ಟರಂತೆ, ಆಸ್ಪತ್ರೆಗೆ ಬಂದದ್ದು ಎಲ್ಲ ಮುಗಿದ ಮೇಲೆ. ಬರುವಾಗ ಒಂದು ಚೀಲ ಅವರೆಕಾಯಿ ತಂದಿದ್ದ. ಅವತ್ತು ಅಷ್ಟು ಚೆನ್ನಾಗಿ ನೋಡಿಕೊಂಡಿರಲ್ಲ ತಾಯಿ ಎಂದು ಅವಳಿಗೆ ಕೈ ಮುಗಿದ. ಡಾಕ್ಟರಿಗೆ ಹೇಳಿದರೆ, ಕ್ಯಾಂಪಿನಲ್ಲಿ ಅದೆಲ್ಲ ಇದ್ದದ್ದೇ ಎಂದರು. ಎಲ್ಲರಿಗೂ ಹೊಸದು ತರಿಸಿ ಎಂದು ಕೇಳಿದಳು. ಕೊಟ್ಟಷ್ಟರಲ್ಲಿ ಕೆಲಸ ಮಾಡು ಎಂದರು.

"ಆ ಅವರೆಕಾಯಿ ಬೇಯಿಸಿದೆ ಮೇಡಂ, ತಿನ್ನಕ್ಕೆ ಆಗಲಿಲ್ಲ. ಕೊಡೋದೇ ಅರ್ಧ ಆದ್ರೆ ಯಾರಿಗೆ ಕೊಡ್ಬೇಕು ಅಂತ ಯೋಚನೆ ಮಾಡ್ದೆ. ದುಡ್ಡು ಕೊಟ್ಟೋರಿಗೆ ಏನಾದ್ರೂ ಆದ್ರೆ ಕೇಳೋರು ಇರ್ತಾರೆ. ಅವತ್ತೇ ಕಾರಲ್ಲಿ ಹಾಕ್ಕೊಂಡು ದೊಡ್ಡಾಸ್ಪತ್ರೆಗೆ ಓಡ್ತಾರೆ, ಕಣ್ಣು ಉಳೀತದೆ. ಇವರಿಗೆ ಯಾರಿದಾರೆ?"

"ಕೆಲಸ ಬಿಟ್ಟು ಹೊರಗೆ ಬಂದು ಹೇಳಬಹುದಿತ್ತು."

"ನಾನು ಬಿಟ್ರೆ ಇನ್ನೊಬ್ಬಳು ಬರ್ತಾಳೆ. ಅವಳು ಹಳೇದನ್ನ ಮತ್ತೆ ಅಜ್ಜಿಗಳಿಗೇ ಹಾಕ್ತಾಳೆ."

ಸಂಘಮಿತ್ರಾಗೆ ಒಂದು ಗಳಿಗೆ ಇವಳ ಮೇಲೆ ಮರುಕ ಬಂತು. ಮರುಗಳಿಗೆಯೇ ಕೆನ್ನೆಗೆ ಬಾರಿಸುವಷ್ಟು ಕೋಪ ಬಂತು.

"ರಾಮಕ್ಕ ಯಾರು ಗೊತ್ತಾ ನಿಮಗೆ?"

"ದುಡ್ಡು ಕೊಟ್ಟೋರಲ್ಲಿ ಒಬ್ರು."

"ಸೀರೆಗೆ ಕುಚ್ಚು ಕಟ್ಟೋ ಹೆಂಗಸು. ಕ್ಯಾಂಪ್ ಸಾಲಲ್ಲೇ ಕೂತಿದ್ದೋಳನ್ನ ಮಗಳು ಎಬ್ಬಿಸ್ಕೊಂಡು ಹೋದ್ಲು. ಅವರಿಗೆ ಕಾರಿಲ್ಲ. ಆಟೋದಲ್ಲಿ ಹೋದ್ರು. ಆ ಕಣ್ಣು ಉಳೀಲಿಲ್ಲ."

ಅನಂತಲಕ್ಷ್ಮಿ ತನ್ನ ಕೈಗಳನ್ನು ನೋಡಿಕೊಂಡಳು. ಆಮೇಲೆ ಎದ್ದು ಹಸಿರು ಬಟ್ಟೆ ಬದಲಾಯಿಸಿಕೊಳ್ಳಬಹುದಾ ಎಂದು ಕೇಳಿದಳು. ಬದಲಾಯಿಸಿಕೊಂಡು ಬಂದಳು. ಹೆಂಗಸನ್ನು ಸೂರ್ಯ ಮುಳುಗುವ ಮುನ್ನ ಬಂಧಿಸಬೇಕೆಂಬ ನಿಯಮದಂತೆ, ಸಂಜೆ ನಾಲ್ಕೂವರೆಗೆ ದಸ್ತಗಿರಿ ಮೆಮೊಗೆ ಸಹಿ ಹಾಕಿಸಿಕೊಂಡು ಕರೆದೊಯ್ದರು. ಮಾರನೆಯ ದಿನ ನ್ಯಾಯಾಧೀಶರ ಮುಂದೆ ಹಾಜರುಪಡಿಸಿದರು.

ಡಾಕ್ಟರ್ ಮುರಳೀಕೃಷ್ಣರನ್ನು ಎರಡನೇ ಆರೋಪಿಯಾಗಿ ಸೇರಿಸಿ, ವಂಚನೆಯ ಕಲಮನ್ನೂ ಹಾಕಲಾಯಿತು. ಅಷ್ಟರಲ್ಲಿ ಅವರು ನಿರೀಕ್ಷಣಾ ಜಾಮೀನು ತೆಗೆದುಕೊಂಡಾಗಿತ್ತು. ಹಳೆಯದು ಬಳಸಿ ಎಂದು ತಾನು ಎಂದೂ ಹೇಳಿಲ್ಲ, ನಂಬಿದ ನೌಕರಳೇ ಬೆನ್ನಿಗೆ ಚೂರಿ ಹಾಕಿದಳು ಎಂದು ಅವರ ವಕೀಲರು ವಾದಿಸಿದರು. ಕಶ್ಯಪ್‌ಗೆ ತಾನು ಹೇಳಿದ್ದೆಲ್ಲ ಮರೆತುಹೋಯಿತು. ದೊಡ್ಡಣ್ಣ ಕೋರ್ಟಿನ ಹೊರಗೆ ನಿಂತು ಕೆಟ್ಟದೊಂದು ಬೈಗುಳ ಬೈದ. ಸಂಘಮಿತ್ರಾ ಕೇಳಿಸದವಳಂತೆ ಜೀಪು ಹತ್ತಿದಳು.

ಅವತ್ತೇ ಅವಳು ಕಾಮಾಕ್ಷಿಪಾಳ್ಯಕ್ಕೆ ಹೋದಳು. ಎರಡು ಕೋಣೆಯ ಮನೆ. ಮಂಚದ ಮೇಲೆ ರಾಮಕ್ಕ ಗೋಡೆಗೊರಗಿ ಕೂತಿದ್ದಳು, ಬಲಗಣ್ಣಿಗೆ ಬಿಳಿ ಪಟ್ಟಿ. ಬೆರಳುಗಳು ಸೀರೆಯ ಸೆರಗಿನ ತುದಿಯಲ್ಲಿ ಸುಮ್ಮನೆ ದಾರ ಹೊಸೆಯುತ್ತಿದ್ದವು. ಸೌಮ್ಯಶ್ರೀ ಹಾಲು ತರಲು ಅಂಗಡಿಗೆ ಹೋದಳು.

"ಹೇಳು ತಾಯಿ. ಏನೂ ಮುಚ್ಚಿಡಬ್ಯಾಡ," ಎಂದಳು ರಾಮಕ್ಕ.

ಸಂಘಮಿತ್ರಾ ಎಲ್ಲವನ್ನೂ ಹೇಳಿದಳು. ಹೊಸದು, ಹಳೆಯದು, ಬೆಳಿಗ್ಗೆ, ಮಧ್ಯಾಹ್ನ, ಮಾಗಡಿಯ ಅಜ್ಜ.

"ಅಂಗಾದ್ರೆ ಆ ಸಾಲಲ್ಲೇ ಕೂತಿದ್ರೆ ನನ್ನ ಕಣ್ಣು ಇರ್ತಿತ್ತು."

"ಇರ್ತಿತ್ತು."

"ಸೌಮ್ಯಂಗೆ ಇದು ಗೊತ್ತಾ?"

"ಇನ್ನೂ ಹೇಳಿಲ್ಲ."

"ಹೇಳಬ್ಯಾಡ."

"ಅಮ್ಮ, ದೂರು ಕೊಟ್ಟೋರು ಅವರು. ತನಿಖೆ ಎಲ್ಲಿಗೆ ಬಂತು ಅಂತ ಅವರಿಗೆ ತಿಳಿಸಲೇಬೇಕು, ಕಾ‌ನೂನು ಇದೆ. ಆರೋಪಪಟ್ಟಿಯಲ್ಲಿ ಎಲ್ಲ ಬರುತ್ತೆ. ಕೋರ್ಟಲ್ಲಿ ಅವರೇ ಮೊದಲನೇ ಸಾಕ್ಷಿ. ಆ ಸಾಲಿಂದ ಎಬ್ಬಿಸ್ಕೊಂಡು ಬಂದಿದ್ದು ಯಾರು ಅಂತ ಅವರ ಬಾಯಲ್ಲೇ ಕೇಳ್ತಾರೆ."

ರಾಮಕ್ಕನ ಬೆರಳುಗಳು ನಿಂತವು. ಹೊರಗೆ ಗೇಟಿನ ಸದ್ದಾಯಿತು, ಸೌಮ್ಯಶ್ರೀ ಚಪ್ಪಲಿ ಬಿಡುತ್ತಿದ್ದಳು.

"ಆರೋಪಪಟ್ಟಿ ಎಷ್ಟು ದಿನ ಆಯ್ತದೆ?" ರಾಮಕ್ಕ ದನಿ ತಗ್ಗಿಸಿ ಕೇಳಿದಳು.

"ಒಂದೂವರೆ ತಿಂಗಳು ನಾನು ತಡೀಬಹುದು. ಅದಕ್ಕಿಂತ ಹೆಚ್ಚು ಆಗಲ್ಲ."

ಸೌಮ್ಯಶ್ರೀ ಹಾಲಿನ ಪ್ಯಾಕೆಟ್ ಹಿಡಿದು ಒಳಗೆ ಬಂದಳು. ಇಬ್ಬರ ಮುಖವನ್ನೂ ನೋಡಿ ಬಾಗಿಲಲ್ಲೇ ನಿಂತಳು.

"ಏನಂತೆ ಮೇಡಂ? ಏನಾಗಿತ್ತಂತೆ?"

ಸಂಘಮಿತ್ರಾ ಬಾಯಿ ತೆರೆಯುವ ಮೊದಲೇ ರಾಮಕ್ಕ ಹೇಳಿದಳು.

"ಮಷೀನು ಕೆಟ್ಟಿತ್ತಂತೆ ಕಣೇ. ಯಾರ ತಪ್ಪೂ ಅಲ್ಲ. ಹೋಗು, ಕಾಫಿ ಇಡು. ನಾಳೆ ಸರ್ಕಾರಿ ಆಸ್ಪತ್ರೆಗೆ ಕರ್ಕೊಂಡು ಹೋಗು, ಇನ್ನೊಂದು ಕಣ್ಣಿಗೆ ಮಾಡಿಸ್ಕೊಂಡ್ಬಿಡ್ತೀನಿ."

ಸೌಮ್ಯಶ್ರೀ ಅಲ್ಲೇ ಕುಸಿದು ಕೂತು, ಅಷ್ಟು ದಿನ ತಡೆದಿದ್ದ ಅಳುವನ್ನೆಲ್ಲ ಅತ್ತಳು. ಆಮೇಲೆ ಮೂಗು ಒರೆಸಿಕೊಂಡು ಅಡುಗೆಮನೆಗೆ ಹೋದಳು. ಸ್ಟವ್ ಹೊತ್ತಿದ ಸದ್ದು ಕೇಳಿದ ಮೇಲೆ ರಾಮಕ್ಕ ಕೈ ಚಾಚಿ ತಡಕಾಡಿ ಸಂಘಮಿತ್ರಾಳ ಕೈ ಹಿಡಿದುಕೊಂಡಳು.

"ನಂಗೇನೂ ಧೈರ್ಯ ಬಂದಿಲ್ಲ ತಾಯಿ. ಈಗ್ಲೂ ಹೆದರಿಕೆನೇ," ಎಂದಳು. "ಆದ್ರೆ ನನ್ನಿಂದಲೇ ಅಮ್ಮನ ಕಣ್ಣು ಹೋಯ್ತು ಅಂತ ಅವಳಿಗೆ ಗೊತ್ತಾಗೋ ದಿನ, ಅವಳ ಮುಖ ನಂಗೆ ಕಾಣ್ಬೇಕು. ಕಾಣದೆ ಹೋದ್ರೆ ನಾನು ಹೆಂಗೆ ಸಮಾಧಾನ ಮಾಡ್ಲಿ?"